ಗಿಟಾರಿಗೆ ಗಮಕ ಕಲಿಸಿದ ಯಾರ್ಕ್‌ಶೈರ್‌ನ ವಿದ್ಯಾರ್ಥಿ

1970ರ ದಶಕದ ಮೊದಲ ವರ್ಷಗಳು. ಅಮೆರಿಕದ ಕನೆಕ್ಟಿಕಟ್ ರಾಜ್ಯದ ಮಿಡಲ್‌ಟೌನ್ ಎಂಬ ಸಣ್ಣ ಊರಿನಲ್ಲಿರುವ ವೆಸ್ಲಿಯನ್ ವಿಶ್ವವಿದ್ಯಾಲಯಕ್ಕೆ ಮೂವತ್ತರ ಆಸುಪಾಸಿನ ಇಂಗ್ಲಿಷ್ ಮನುಷ್ಯರೊಬ್ಬರು ವೀಣೆ ಪಾಠಕ್ಕೆ ಬರುತ್ತಿದ್ದರು. ಗುರುಗಳು ಡಾ. ಎಸ್. ರಾಮನಾಥನ್. ಹಾಡುಗಾರರು, ವೈಣಿಕರು, ಶಿಲಪ್ಪದಿಕಾರದ ಸಂಗೀತದ ಮೇಲೆ ಅದೇ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದ ವಿದ್ವಾಂಸರು. ಶಿಷ್ಯ ಆ ಹೊತ್ತಿಗಾಗಲೇ ಜಗತ್ತಿನ ಅತಿ ವೇಗದ, ಅತಿ ಅಬ್ಬರದ ಗಿಟಾರ್ ವಾದಕರಲ್ಲೊಬ್ಬರೆಂದು ಹೆಸರಾಗಿದ್ದವರು. ಎರಡು ಕತ್ತಿನ ಎಲೆಕ್ಟ್ರಿಕ್ ಗಿಟಾರ್ ಹೆಗಲಿಗೆ ಹಾಕಿಕೊಂಡು ಸಾವಿರಾರು ಜನರ ಮುಂದೆ ನಿಲ್ಲುತ್ತಿದ್ದವರು. 1973ರಲ್ಲಿ ಬಂದ ಅವರ ತಂಡದ ‘ಬರ್ಡ್ಸ್ ಆಫ್ ಫೈರ್’ ಹಾಡಿನ ಸೊಲ್ಲೇ ಇಲ್ಲದ ವಾದ್ಯಸಂಗೀತವಾಗಿದ್ದರೂ ಬಿಲ್‌ಬೋರ್ಡ್ ಪಟ್ಟಿಯಲ್ಲಿ 15ನೇ ಸ್ಥಾನಕ್ಕೇರಿತು.

ಹೆಸರು ಜಾನ್ ಮೆಕ್‌ಲಾಫ್ಲಿನ್.

ಅದು ಸಿತಾರಿನ ಸದ್ದು ಪಶ್ಚಿಮದಲ್ಲಿ ಫ್ಯಾಷನ್ ಆಗಿದ್ದ ಕಾಲ. ರಾಕ್ ಹಾಡಿನ ಹಿಂದೆ ಒಂದಿಷ್ಟು ತಂಬೂರಿ ಶ್ರುತಿ, ಮುಖಪುಟಕ್ಕೊಂದು ದೇವರ ಚಿತ್ರ, ಅಷ್ಟಕ್ಕೆ ‘ಪೂರ್ವ’ ಸಿಕ್ಕಿತೆಂದು ತೃಪ್ತಿಪಟ್ಟವರು ಬಹಳ. ಕೀರ್ತಿಯ ತುದಿಯಲ್ಲಿದ್ದೂ ಹೊಸಬನಂತೆ ಗುರುವಿನ ಮುಂದೆ ಕುಳಿತು ಸ್ವರಾಭ್ಯಾಸ ಮಾಡಿದವರು ಬೆರಳೆಣಿಕೆಯಷ್ಟು. ಐದು ದಶಕಗಳನ್ನು ಮೀರಿದ ಮೆಕ್‌ಲಾಫ್ಲಿನ್ ಅವರ ವೃತ್ತಿಜೀವನವನ್ನು ಅರ್ಥಮಾಡಿಕೊಳ್ಳಲು ನಾವು ಒಳಹೋಗಬೇಕಾದ ಬಾಗಿಲು ಇದೇ ಎಂಬುದು ನನ್ನ ನಂಬಿಕೆ. ಲಂಡನ್, ನ್ಯೂಯಾರ್ಕ್, ಪ್ಯಾರಿಸ್, ಮೊನಾಕೊ ಎಂದು ಊರೂರು ಬದಲಿಸಿದ ಈ ಮನುಷ್ಯ ಹೋದಲ್ಲೆಲ್ಲ ಮೊದಲು ವಿದ್ಯಾರ್ಥಿಯಾದರು.

ಹುಟ್ಟಿದ್ದು 1942ರ ಜನವರಿ 4ರಂದು, ಇಂಗ್ಲೆಂಡಿನ ಯಾರ್ಕ್‌ಶೈರ್‌ನ ಡಾನ್‌ಕಾಸ್ಟರ್‌ನಲ್ಲಿ. ಕಲ್ಲಿದ್ದಲ ಗಣಿಗಳ, ರೈಲು ಎಂಜಿನ್ ಕಾರ್ಖಾನೆಯ ಊರದು. ತಾಯಿ ಹವ್ಯಾಸಕ್ಕೆ ಪಿಟೀಲು ನುಡಿಸುತ್ತಿದ್ದರು. ಮನೆಗೆ ಬಂದ ಗಿಟಾರೊಂದು ಅಣ್ಣಂದಿರ ಕೈ ದಾಟಿ ಹನ್ನೊಂದರ ಹುಡುಗನ ಕೈಸೇರಿತು. ಅಮೆರಿಕದ ಕಪ್ಪು ಜನರ ಬ್ಲೂಸ್, ಸ್ಪೇನಿನ ಫ್ಲಮೆಂಕೊ, ಪ್ಯಾರಿಸ್ಸಿನ ಜ್ಯಾಂಗೊ ರೈನ್‌ಹಾರ್ಟ್ ಮತ್ತು ಸ್ಟೆಫಾನ್ ಗ್ರಾಪೆಲ್ಲಿ ಜೋಡಿಯ ಜಾಝ್, ಹೀಗೆ ಕೇಳಿದ್ದೆಲ್ಲ ದೂರದ ಊರುಗಳದು. ಆ ಊರಿನ ಹುಡುಗನಿಗೆ ತನ್ನದೆಂದು ಹೇಳಿಕೊಳ್ಳಬಹುದಾದ ಜಾಝ್ ಪರಂಪರೆ ಇರಲಿಲ್ಲ. ಕಲಿಯಬೇಕೆಂದರೆ ಪರರದ್ದನ್ನೇ ಕಲಿಯಬೇಕು ಎಂಬ ಸ್ಥಿತಿ ಮುಂದೆ ವರವಾಯಿತು.

ಅರವತ್ತರ ದಶಕದ ಆರಂಭದಲ್ಲಿ ಲಂಡನ್ನಿಗೆ ಹೋದರು. ಜಾರ್ಜಿ ಫೇಮ್, ಗ್ರಹಾಂ ಬಾಂಡ್ ತಂಡಗಳಲ್ಲಿ ನುಡಿಸಿದರು. ಹೊಟ್ಟೆಪಾಡಿಗೆ ಸ್ಟುಡಿಯೊಗಳಲ್ಲಿ ಪಾಪ್ ಹಾಡುಗಳಿಗೆ ಬಾಡಿಗೆ ಗಿಟಾರ್ ನುಡಿಸುವ ಕೆಲಸ. ಹಣ ಬರುತ್ತಿತ್ತು, ಮನಸ್ಸು ಒಣಗುತ್ತಿತ್ತು. ಕೊನೆಗೆ ಆ ಕೆಲಸವನ್ನು ಬಿಟ್ಟೇಬಿಟ್ಟರು. ಇದೇ ಕಾಲದಲ್ಲಿ ಥಿಯಾಸಾಫಿಕಲ್ ಸೊಸೈಟಿಯ ನಂಟು ಬೆಳೆಯಿತು, ರಮಣ ಮಹರ್ಷಿಗಳ ಬಗ್ಗೆ ಓದಿದರು. ಭಾರತದ ತತ್ವಚಿಂತನೆ ಮೊದಲು, ಸಂಗೀತ ಆಮೇಲೆ. ಸದ್ದಿಗೆ ಮರುಳಾಗಿ ಬಂದವರಿಗೂ ಪ್ರಶ್ನೆ ಹಿಡಿದು ಬಂದವರಿಗೂ ವ್ಯತ್ಯಾಸವಿದೆ. ಅದು ಅವರ ಮುಂದಿನ ಸಂಗೀತದಲ್ಲಿ ಕಾಣುತ್ತದೆ.

1969ರ ಜನವರಿಯಲ್ಲಿ ಲಂಡನ್ನಿನಲ್ಲಿ ಮೊದಲ ಆಲ್ಬಂ ‘ಎಕ್ಸ್‌ಟ್ರಾಪೊಲೇಶನ್’ ಧ್ವನಿಮುದ್ರಣವಾಯಿತು. ಜಾನ್ ಸರ್ಮನ್ ಅವರ ಬ್ಯಾರಿಟೋನ್ ಸ್ಯಾಕ್ಸೊಫೋನ್, ಟೋನಿ ಆಕ್ಸ್‌ಲಿ ಅವರ ಡ್ರಮ್ಸ್. ಬ್ರಿಟಿಷ್ ಜಾಝ್‌ನ ಶ್ರೇಷ್ಠ ದಾಖಲೆಗಳಲ್ಲಿ ಅದಕ್ಕೆ ಇಂದಿಗೂ ಸ್ಥಾನವಿದೆ. ಆದರೆ ಅದು ಜನರ ಕಿವಿ ತಲುಪುವ ಮೊದಲೇ ಅವರು ವಿಮಾನ ಹತ್ತಿದ್ದರು. ಜಾಝ್ ಟ್ರಂಪೆಟ್ ದಿಗ್ಗಜ ಮೈಲ್ಸ್ ಡೇವಿಸ್ ತಂಡದ ಡ್ರಮ್ಮರ್ ಟೋನಿ ವಿಲಿಯಮ್ಸ್ ಸ್ವಂತ ತಂಡ ಕಟ್ಟುತ್ತಿದ್ದರು. ಈ ಇಂಗ್ಲಿಷ್ ಗಿಟಾರಿಗನ ಟೇಪ್ ಕೇಳಿ ಕರೆಸಿಕೊಂಡರು. ಫೆಬ್ರುವರಿಯ ಆರಂಭದಲ್ಲಿ ನ್ಯೂಯಾರ್ಕ್‌ಗೆ ಬಂದಿಳಿದ ಮೆಕ್‌ಲಾಫ್ಲಿನ್, ಫೆಬ್ರುವರಿ 18ರಂದು ಕೊಲಂಬಿಯಾ ಸ್ಟುಡಿಯೊದಲ್ಲಿ ಮೈಲ್ಸ್ ಡೇವಿಸ್ ಎದುರು ಕುಳಿತಿದ್ದರು. ಜಾಝ್ ಲೋಕದಲ್ಲಿ ಇದಕ್ಕಿಂತ ದೊಡ್ಡ ಜಿಗಿತ ಊಹಿಸುವುದು ಕಷ್ಟ.

ಅಂದು ಮುಂದಿದ್ದ ರಚನೆ ಜೋ ಜವಿನುಲ್ ಅವರ ‘ಇನ್ ಎ ಸೈಲೆಂಟ್ ವೇ’. ಅದರ ತುಂಬ ಒಂದರ ಮೇಲೊಂದು ಬದಲಾಗುವ ಕಾರ್ಡ್‌ಗಳು, ಎಂದರೆ ಒಟ್ಟಿಗೆ ನುಡಿಸುವ ಸ್ವರಗುಚ್ಛಗಳು. ಮೈಲ್ಸ್‌ಗೆ ಅದು ರುಚಿಸಲಿಲ್ಲ. ಹೊಸ ಗಿಟಾರಿಗನ ಕಡೆ ತಿರುಗಿ, ಗಿಟಾರ್ ನುಡಿಸಲು ಬಾರದವನಂತೆ ನುಡಿಸು ಎಂದರು. ಇಪ್ಪತ್ತೇಳರ ಯುವಕನಿಗೆ ಬೆವರಿಳಿಯಿತು. ಏನು ಮಾಡುವುದೆಂದು ತೋಚದೆ, ಗಿಟಾರ್ ಕಲಿಯುವ ಪ್ರತಿ ಮಗುವೂ ಮೊದಲ ದಿನ ಹಿಡಿಯುವ ‘ಇ’ ಮೇಜರ್ ಕಾರ್ಡ್ ಹಿಡಿದು, ಅದರ ಮೇಲೆ ರಾಗವನ್ನು ಎಳೆ ಎಳೆಯಾಗಿ ಬಿಡಿಸತೊಡಗಿದರು. ಕಾರ್ಡ್‌ಗಳ ಇಡೀ ಸಂತೆ ಕಾಣೆಯಾಗಿ ಒಂದೇ ಆಧಾರಶ್ರುತಿ ಉಳಿಯಿತು. ಟೇಪ್ ಆಗಲೇ ಓಡುತ್ತಿತ್ತು. ಮೈಲ್ಸ್ ಅದನ್ನೇ ಉಳಿಸಿಕೊಂಡರು.

ಕರ್ನಾಟಕ ಸಂಗೀತ ಕೇಳಿ ಬೆಳೆದ ನಮಗೆ ಈ ಪ್ರಸಂಗದಲ್ಲಿ ಬೇರೆಯೇ ಒಂದು ಅರ್ಥ ಕಾಣುತ್ತದೆ. ಜಾಝ್ ಕಲಾವಿದನಿಗೆ ಕಾರ್ಡ್‌ಗಳ ಚಲನೆಯೇ ನಡೆಯುವ ನೆಲ. ಆ ನೆಲವನ್ನು ಕಿತ್ತು ಒಂದೇ ಷಡ್ಜದ ಮೇಲೆ ನಿಲ್ಲಿಸಿದರೆ ಉಳಿಯುವುದು ರಾಗ ಮತ್ತು ಮನೋಧರ್ಮ. ಮೈಲ್ಸ್ ಅರಿತೋ ಅರಿಯದೆಯೋ ಅಂದು ಈ ಯುವಕನಿಗೆ ಕೊಟ್ಟದ್ದು ಶ್ರುತಿಯ ಮೊದಲ ಪಾಠ. ಕೆಲವೇ ವರ್ಷಗಳಲ್ಲಿ ಅವರು ವೀಣೆಯ ಮುಂದೆ ಕುಳಿತದ್ದು ನನಗೆ ಆಶ್ಚರ್ಯವೆನಿಸುವುದಿಲ್ಲ.

ಅದೇ ವರ್ಷದ ಆಗಸ್ಟಿನಲ್ಲಿ ಮೈಲ್ಸ್‌ರ ‘ಬಿಚಸ್ ಬ್ರೂ’ ಧ್ವನಿಮುದ್ರಣದಲ್ಲೂ ಅವರಿದ್ದರು. ಅದರಲ್ಲಿ ಒಂದು ರಚನೆಗೆ ‘ಜಾನ್ ಮೆಕ್‌ಲಾಫ್ಲಿನ್’ ಎಂದೇ ಹೆಸರು. ನಿನ್ನದೇ ತಂಡ ಕಟ್ಟು ಎಂದು ಹುರಿದುಂಬಿಸಿದವರೂ ಮೈಲ್ಸ್. 1971ರಲ್ಲಿ ‘ಮಹಾವಿಷ್ಣು ಆರ್ಕೆಸ್ಟ್ರಾ’ ಹುಟ್ಟಿತು. ಮಹಾವಿಷ್ಣು ಎಂಬುದು ಅವರ ಗುರು, ನ್ಯೂಯಾರ್ಕ್‌ನಲ್ಲಿ ನೆಲೆಸಿದ್ದ ಬಂಗಾಳಿ ಸಾಧಕ ಶ್ರೀ ಚಿನ್ಮಯ್ ಇಟ್ಟ ಹೆಸರು. ಬಿಳಿ ಬಟ್ಟೆ, ಕತ್ತರಿಸಿದ ಕೂದಲು, ವೇದಿಕೆಯೇರುವ ಮುನ್ನ ಮೌನ, ಏರಿದ ಮೇಲೆ ಕಿವಿಗಡಚಿಕ್ಕುವ ಧ್ವನಿ. ಡ್ರಮ್ಸ್‌ಗೆ ಪನಾಮಾದಲ್ಲಿ ಹುಟ್ಟಿದ ಬಿಲ್ಲಿ ಕಾಬಮ್, ಕೀಬೋರ್ಡಿಗೆ 1968ರಲ್ಲಿ ಸೋವಿಯತ್ ಟ್ಯಾಂಕುಗಳು ನುಗ್ಗಿದ ಪ್ರಾಗ್ ಬಿಟ್ಟುಬಂದ ಯಾನ್ ಹಾಮರ್, ಬೇಸ್‌ಗೆ ಡಬ್ಲಿನ್‌ನ ರಿಕ್ ಲೇರ್ಡ್, ಪಿಟೀಲಿಗೆ ಶಿಕಾಗೊದ ಜೆರ್ರಿ ಗುಡ್‌ಮನ್. ಐವರಲ್ಲಿ ಅಮೆರಿಕದಲ್ಲಿ ಹುಟ್ಟಿದವರು ಒಬ್ಬರೇ. ವಲಸಿಗರ ಈ ತಂಡ ಹದಿನೆಂಟು ಮಾತ್ರೆಗಳ ಆವರ್ತವನ್ನು ರಾಕ್ ಪ್ರೇಕ್ಷಕರ ಮುಂದಿಟ್ಟಾಗ ಅವರು ತಲೆದೂಗಿದರು. ನಾಲ್ಕರ ನಡೆ ಬಿಟ್ಟು ಬೇರೆ ಕೇಳಿ ಗೊತ್ತಿಲ್ಲದ ಜನ ಇದನ್ನು ಸ್ವೀಕರಿಸಿದ್ದು ಸಣ್ಣ ಸಂಗತಿಯಲ್ಲ.

ಆದರೆ ಒಳಗೊಳಗೇ ಬಿರುಕು. 1973ರ ಕೊನೆಗೆ ಮೊದಲ ತಂಡ ಮುರಿದುಬಿತ್ತು. ಎರಡನೆಯ ತಂಡ ಕಟ್ಟಿ, ಜಾರ್ಜ್ ಮಾರ್ಟಿನ್ ನಿರ್ಮಾಣದಲ್ಲಿ ಲಂಡನ್ ಸಿಂಫನಿ ಆರ್ಕೆಸ್ಟ್ರಾ ಜೊತೆ ‘ಅಪೋಕ್ಯಾಲಿಪ್ಸ್’ ಮಾಡಿದರು. ಹೆಸರು ದೊಡ್ಡದು, ಹರವೂ ದೊಡ್ಡದು. ಮೊದಲ ತಂಡದ ಕಿಚ್ಚು ಅದರಲ್ಲಿ ನನಗೆ ಕೇಳಿಸುವುದಿಲ್ಲ. ಎಪ್ಪತ್ತರ ದಶಕದ ಮಧ್ಯದಲ್ಲಿ ಶ್ರೀ ಚಿನ್ಮಯ್ ಅವರ ಬಳಗದಿಂದಲೂ ದೂರ ಸರಿದರು.

ವೀಣೆ ಪಾಠ ಫಲ ಕೊಟ್ಟದ್ದು ಆಗ. ವೆಸ್ಲಿಯನ್‌ನಲ್ಲಿ ಸಂಶೋಧನೆಗೆಂದು ಬಂದಿದ್ದ ಯುವ ಪಿಟೀಲುವಾದಕ ಎಲ್. ಶಂಕರ್ ಪರಿಚಯವಾದರು. ಬೆಂಗಳೂರಿನವರಿಗೆ ಚಿರಪರಿಚಿತರಾದ ಎಲ್. ಸುಬ್ರಮಣ್ಯಂ ಅವರ ತಮ್ಮ. ಅಲ್ಲೇ ಪಾಠ ಹೇಳುತ್ತಿದ್ದ ಮೃದಂಗ ವಿದ್ವಾನ್ ರಾಮನಾಡ್ ವಿ. ರಾಘವನ್, ಎಂ.ಎಸ್. ಸುಬ್ಬುಲಕ್ಷ್ಮಿ ಅವರಿಗೆ ಘಟ ನುಡಿಸಿದ್ದ ಟಿ.ಎಚ್. ‘ವಿಕ್ಕು’ ವಿನಾಯಕರಾಂ, ತಬಲಾಕ್ಕೆ ಉಸ್ತಾದ್ ಅಲ್ಲಾರಖಾರ ಮಗ ಜಾಕಿರ್ ಹುಸೇನ್. ತಂಡದ ಹೆಸರು ‘ಶಕ್ತಿ’. 1975ರ ಜುಲೈ 5ರಂದು ನ್ಯೂಯಾರ್ಕ್ ರಾಜ್ಯದ ಸೌತಾಂಪ್ಟನ್ ಕಾಲೇಜಿನಲ್ಲಿ ನಡೆದ ಕಛೇರಿಯೇ ಮೊದಲ ಆಲ್ಬಂ ಆಗಿ ಮರುವರ್ಷ ಹೊರಬಂತು. ಆಂಪ್ಲಿಫೈಯರ್‌ಗಳ ಗೋಡೆಯ ಮುಂದೆ ನಿಂತಿದ್ದ ರಾಕ್ ತಾರೆ ಈಗ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತಿದ್ದರು, ಕೈಯಲ್ಲಿ ವಿದ್ಯುತ್ತಿಲ್ಲದ ಗಿಟಾರ್.

ಆ ಗಿಟಾರನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು.

ವೀಣೆಯಲ್ಲಿ ಮೇಣದ ಮೇಲೆ ಕೂರಿಸಿದ ಇಪ್ಪತ್ನಾಲ್ಕು ಮೆಟ್ಟಿಲುಗಳು ಎತ್ತರಕ್ಕಿರುತ್ತವೆ. ಎರಡು ಮೆಟ್ಟಿಲ ನಡುವೆ ಬೆರಳಿಗೆ ಅಡ್ಡವಾಗಿ ಮರವಿಲ್ಲ, ಖಾಲಿ ಜಾಗ. ಹಾಗಾಗಿ ತಂತಿಯನ್ನು ಪಕ್ಕಕ್ಕೆ ಜಗ್ಗಿ ಒಂದೇ ಮೆಟ್ಟಿಲಿನಲ್ಲಿ ಮೂರು ನಾಲ್ಕು ಸ್ವರಗಳನ್ನು ತೆಗೆಯಬಹುದು. ತೋಡಿಯ ಗಾಂಧಾರ ತೂಗುವುದು, ಭೈರವಿಯ ನಿಷಾದ ನಡುಗುವುದು ಆ ಜಾಗದಿಂದ. ಗಿಟಾರಿನಲ್ಲಿ ಫ್ರೆಟ್‌ಗಳ ನಡುವೆ ಮರದ ಪಟ್ಟಿ ಬೆರಳ ತುದಿಗೆ ತಾಗುತ್ತದೆ. ತಂತಿ ಎಳೆದರೆ ಬೆರಳು ಮರಕ್ಕೆ ಉಜ್ಜಿ ಹಿಡಿತ ತಪ್ಪುತ್ತದೆ. ವೀಣೆಯಲ್ಲಿ ಕಲಿತ ಗಮಕ ಗಿಟಾರಿಗೆ ಬಂದಾಗ ಅರ್ಧಕ್ಕೇ ನಿಲ್ಲುತ್ತಿತ್ತು.

ಮೆಕ್‌ಲಾಫ್ಲಿನ್ ಗಿಬ್ಸನ್ ಕಂಪನಿಯ ಮೊರೆ ಹೋದರು. ಅಲ್ಲಿ ಕೆಲಸ ಮಾಡುತ್ತಿದ್ದ ಅಬ್ರಹಾಂ ವೆಕ್ಟರ್ ಎಂಬ ಗಿಟಾರ್ ಕುಶಲಕರ್ಮಿ ಪ್ರತಿ ಎರಡು ಫ್ರೆಟ್ ನಡುವಿನ ಮರವನ್ನು ದೋಣಿಯ ಒಡಲಿನಂತೆ ಒಳಕ್ಕೆ ಕೆತ್ತಿದರು. ಈಗ ಬೆರಳಿಗೆ ತಾಗುವುದು ತಂತಿ ಮಾತ್ರ. ಎಳೆದಷ್ಟೂ ಸ್ವರ ಏರುತ್ತದೆ, ಬಿಟ್ಟಾಗ ಜಾರಿ ಇಳಿಯುತ್ತದೆ. ಅಷ್ಟಕ್ಕೇ ನಿಲ್ಲಲಿಲ್ಲ. ಗಿಟಾರಿನ ನಾದರಂಧ್ರದ ಮೇಲೆ, ಮುಖ್ಯ ತಂತಿಗಳ ಕೆಳಗೆ, ಓರೆಯಾಗಿ ಏಳು ತಂತಿಗಳನ್ನು ಬಿಗಿದರು. ಆಯಾ ರಚನೆಯ ಸ್ವರಗಳಿಗೆ ಶ್ರುತಿ ಮಾಡಿದ ಇವು ಸಿತಾರಿನ ತರಫ್ ತಂತಿಗಳ ಹಾಗೆ ತಾವಾಗಿ ಅನುರಣಿಸುತ್ತವೆ. ವಾದಕ ನಡುನಡುವೆ ಅವನ್ನು ಮೀಟಲೂಬಹುದು, ವೈಣಿಕರು ತಾಳದ ತಂತಿ ಮೀಟುವಂತೆ.

ಇದರ ಬೆಲೆ ಏನೆಂದು ಗಿಟಾರ್ ನುಡಿಸುವವರಿಗೆ ಗೊತ್ತು. ಕೆತ್ತಿದ ಪಟ್ಟಿಯ ಮೇಲೆ ಬೆರಳನ್ನು ಕೊಂಚ ಜೋರಾಗಿ ಒತ್ತಿದರೂ ಅಪಸ್ವರ. ಇಪ್ಪತ್ತು ವರ್ಷ ಅಭ್ಯಾಸವಾದ ಕೈಯ ಬಲವನ್ನು ಮರೆತು ಹೊಸದಾಗಿ ತೂಕ ಕಲಿಯಬೇಕು. ಅಲ್ಲದೆ ಇಂಥ ಗಿಟಾರಿನಲ್ಲಿ ದಟ್ಟ ಜಾಝ್ ಕಾರ್ಡ್‌ಗಳು ಸಲೀಸಾಗಿ ಬರುವುದಿಲ್ಲ. ತನಗೆ ಚೆನ್ನಾಗಿ ಬರುತ್ತಿದ್ದುದನ್ನು ಬಿಟ್ಟುಕೊಟ್ಟು, ಬಾರದ್ದಕ್ಕೆ ವಾದ್ಯವನ್ನೇ ಮಾರ್ಪಡಿಸಿಕೊಳ್ಳುವುದು ಕಲಾವಿದನೊಬ್ಬ ಮಾಡಬಹುದಾದ ದೊಡ್ಡ ತ್ಯಾಗ. ಈ ಒಂದು ಕೆಲಸಕ್ಕೇ ನನಗೆ ಅವರ ಮೇಲೆ ಅಪಾರ ಗೌರವ.

ಲಯದ ಪಾಠವೂ ಹೀಗೆಯೇ ನಡೆಯಿತು. ಪಂಡಿತ್ ರವಿಶಂಕರ್ ಅವರಿಂದಲೂ ಅವರು ಪಾಠ ಹೇಳಿಸಿಕೊಂಡರು. ಲಯದ ಜತಿಗಳನ್ನು ಬಾಯಲ್ಲಿ ನುಡಿಯುವ ಕೊನ್ನಕ್ಕೋಲ್ ಮೆಕ್‌ಲಾಫ್ಲಿನ್ ಸಂಗೀತದ ವ್ಯಾಕರಣವೇ ಆಯಿತು. ತಕಿಟ, ತಕಧಿಮಿ, ತಕತಕಿಟ ಎಂದು ಬಾಯಲ್ಲಿ ಕೂಡಿಸಿಕೊಂಡ ಲೆಕ್ಕ ಆಮೇಲೆ ಬೆರಳಿಗಿಳಿಯುವ ಕ್ರಮ ನಮ್ಮ ಮೃದಂಗ ವಿದ್ಯಾರ್ಥಿಗಳಿಗೆ ದಿನನಿತ್ಯದ ಮಾತು. ಜಾಝ್ ಗಿಟಾರಿಗನಿಗೆ ಅದೊಂದು ಹೊಸ ಲೋಕ. ‘ಎ ಹ್ಯಾಂಡ್‌ಫುಲ್ ಆಫ್ ಬ್ಯೂಟಿ’ ಆಲ್ಬಮ್ಮಿನ ಮೊದಲ ರಚನೆ ಶುರುವಾಗುವುದೇ ಬಾಯಿಜತಿಗಳಿಂದ. ಮುಂದೆ ವಿನಾಯಕರಾಂ ಅವರ ಮಗ ವಿ. ಸೆಲ್ವಗಣೇಶ್ ಜೊತೆ ಸೇರಿ ಕೊನ್ನಕ್ಕೋಲ್ ಪಾಠದ ಡಿವಿಡಿಯನ್ನೇ ಹೊರತಂದರು. ಜಗತ್ತಿನ ಯಾವ ಮೂಲೆಯ ಸಂಗೀತಗಾರನಿಗೂ ಲಯ ಕಲಿಯಲು ಇದಕ್ಕಿಂತ ಒಳ್ಳೆಯ ದಾರಿಯಿಲ್ಲ ಎಂಬುದು ಅವರ ದೃಢ ನಿಲುವು.

‘ಶಕ್ತಿ’ಯ ಸಂಗೀತ ಕರ್ನಾಟಕ ಸಂಗೀತವೇ? ಅಲ್ಲ. ಹಾಗೆಂದು ಅವರು ಒಮ್ಮೆಯೂ ಹೇಳಿಕೊಳ್ಳಲಿಲ್ಲ. ಕೃತಿಗಳನ್ನು ಗಿಟಾರಿನಲ್ಲಿ ನುಡಿಸಿ ಸಭೆಗಳ ಚಪ್ಪಾಳೆ ಗಿಟ್ಟಿಸುವ ಸುಲಭದ ದಾರಿಗೆ ಹೋಗಲಿಲ್ಲ. ತಾನು ಜಾಝ್ ಕಲಾವಿದ ಎಂಬ ಅರಿವಿನಲ್ಲೇ ಹೊಸ ರಚನೆ ಮಾಡಿದರು. ಮೊದಲ ಆಲ್ಬಮ್ಮಿನ ‘ಜಾಯ್’ ಸುಮಾರು ಹದಿನೆಂಟು ನಿಮಿಷದ್ದು. ಪಿಟೀಲು ಕೇಳಿದ ಪ್ರಶ್ನೆಗೆ ಗಿಟಾರ್ ಉತ್ತರ ಕೊಡುತ್ತದೆ. ಆವರ್ತ ಕಿರಿದಾಗುತ್ತ ಬಂದು ಪ್ರಶ್ನೋತ್ತರ ಒಂದಕ್ಕೊಂದು ತಾಗುವಷ್ಟು ಹತ್ತಿರವಾಗುತ್ತದೆ. ಕಛೇರಿಗಳಲ್ಲಿ ಗಾಯಕರೂ ಪಿಟೀಲಿನವರೂ ಸ್ವರ ಹಂಚಿಕೊಳ್ಳುವ ಕ್ರಮವೇ ಇದು. ಇನ್ನೂ ಒಂದು ಸಂಗತಿ ಇದೆ. ಉತ್ತರಾದಿಯ ತಬಲಾ, ದಕ್ಷಿಣಾದಿಯ ಘಟ ಮತ್ತು ಮೃದಂಗ ಒಂದೇ ವೇದಿಕೆಯಲ್ಲಿ ಸರಿಸಮನಾಗಿ ಕುಳಿತು ಬರೀ ಜುಗಲ್‌ಬಂದಿಗೆ ನಿಲ್ಲದೆ ಒಂದೇ ತಂಡವಾಗಿ ವರ್ಷಗಟ್ಟಲೆ ನುಡಿಸಿದ್ದು ನಮ್ಮಲ್ಲೇ ಅಪರೂಪವಾಗಿತ್ತು. ಅದಕ್ಕೆ ನಿಮಿತ್ತವಾದವರು ಹೊರಗಿನಿಂದ ಬಂದವರು.

ಧ್ವನಿಮುದ್ರಣ ಕಂಪನಿಗೆ ಬೇಕಿದ್ದುದು ಮತ್ತೊಂದು ‘ಬರ್ಡ್ಸ್ ಆಫ್ ಫೈರ್’. ಮೂರು ಆಲ್ಬಂಗಳ ನಂತರ ‘ಶಕ್ತಿ’ ನಿಂತಿತು. ಅವರು ಮತ್ತೆ ಎಲೆಕ್ಟ್ರಿಕ್ ಗಿಟಾರ್ ಹಿಡಿದರು, ಅಟ್ಲಾಂಟಿಕ್ ದಾಟಿ ಪ್ಯಾರಿಸ್‌ಗೆ, ಮುಂದೆ ಮೊನಾಕೊಗೆ ಹೋಗಿ ನೆಲೆಸಿದರು. ಎಂಬತ್ತರ ದಶಕದ ಸಿಂಥಸೈಜರ್ ಗಿಟಾರಿನ ಆಲ್ಬಂಗಳು ಇಂದು ಹಳತಾಗಿ ಕೇಳಿಸುತ್ತವೆ. ಆದರೆ 1980ರ ಡಿಸೆಂಬರ್ 5ರಂದು ಸ್ಯಾನ್‌ಫ್ರಾನ್ಸಿಸ್ಕೊದ ವಾರ್‌ಫೀಲ್ಡ್ ಥಿಯೇಟರಿನಲ್ಲಿ ಫ್ಲಮೆಂಕೊ ಮಾಂತ್ರಿಕ ಪಾಕೊ ಡಿ ಲೂಸಿಯಾ ಮತ್ತು ಗಿಟಾರಿಗ ಆಲ್ ಡಿ ಮಿಯೋಲಾ ಜೊತೆ ನುಡಿಸಿದ ಕಛೇರಿ ‘ಫ್ರೈಡೇ ನೈಟ್ ಇನ್ ಸ್ಯಾನ್‌ಫ್ರಾನ್ಸಿಸ್ಕೊ’ ಎಂಬ ಹೆಸರಿನಲ್ಲಿ ಬಂದು ಜಗತ್ತಿನಾದ್ಯಂತ ಮನೆಮಾತಾಯಿತು. ಆರ್ಕೆಸ್ಟ್ರಾ ಜೊತೆ ನುಡಿಸುವ ಗಿಟಾರ್ ಕನ್ಸರ್ಟೊ ‘ದಿ ಮೆಡಿಟರೇನಿಯನ್’ ಬರೆದರು. ಎಂಬತ್ತರ ಕೊನೆಗೆ ಮುಂಬೈನ ತಾಳವಾದ್ಯಗಾರ ತ್ರಿಲೋಕ್ ಗುರ್ಟು ಅವರನ್ನು ಸೇರಿಸಿಕೊಂಡು ಕಟ್ಟಿದ ಮೂವರ ತಂಡ ನನ್ನ ಕಿವಿಗೆ ಆ ದಶಕದ ಅವರ ಅತ್ಯುತ್ತಮ ಕೆಲಸ.

1997ರಲ್ಲಿ ಹಳೆಯ ಬಳಗ ‘ರಿಮೆಂಬರ್ ಶಕ್ತಿ’ಯಾಗಿ ಮತ್ತೆ ಕೂಡಿತು. ಮೊದಲು ಹರಿಪ್ರಸಾದ್ ಚೌರಾಸಿಯಾ ಕೊಳಲು ನುಡಿಸಿದರು. ಬಳಿಕ ಮ್ಯಾಂಡೊಲಿನ್ ಯು. ಶ್ರೀನಿವಾಸ್ ಬಂದರು. ಪಶ್ಚಿಮದ ಇನ್ನೊಂದು ತಂತಿವಾದ್ಯಕ್ಕೆ ಗಮಕ ಒಲಿಸಿಕೊಂಡಿದ್ದ, 1983ರಲ್ಲಿ ಎಳೆಯ ಹುಡುಗನಾಗಿಯೇ ಬರ್ಲಿನ್ ಜಾಝ್ ಉತ್ಸವವನ್ನು ಬೆರಗುಗೊಳಿಸಿದ್ದ ಶ್ರೀನಿವಾಸ್. ಇಬ್ಬರೂ ಎದುರುಬದುರು ಕುಳಿತಾಗ ಗುರು ಯಾರು, ಶಿಷ್ಯ ಯಾರು ಎಂಬುದು ಕ್ಷಣಕ್ಷಣಕ್ಕೂ ಬದಲಾಗುತ್ತಿತ್ತು. ವಯಸ್ಸಿನಲ್ಲಿ ಇಪ್ಪತ್ತೇಳು ವರ್ಷ ದೊಡ್ಡವರಾದ ಮೆಕ್‌ಲಾಫ್ಲಿನ್ ಕಣ್ಣರಳಿಸಿ ಕೇಳುತ್ತಿದ್ದುದನ್ನು ಆ ಕಛೇರಿಗಳ ವಿಡಿಯೊಗಳಲ್ಲಿ ಇಂದಿಗೂ ನೋಡಬಹುದು. 2014ರ ಸೆಪ್ಟೆಂಬರಿನಲ್ಲಿ ಶ್ರೀನಿವಾಸ್ 45ನೇ ವಯಸ್ಸಿಗೇ ತೀರಿಕೊಂಡಾಗ ಆ ತಂಡದ ಪಾಲಿಗೆ ಒಂದು ಅಧ್ಯಾಯವೇ ಮುಗಿಯಿತು.

ಕನ್ನಡ ನಾಡಿನ ಎಳೆಯೊಂದು ಈ ಕಥೆಯಲ್ಲಿದೆ. 2008ರಲ್ಲಿ ಬಂದ ‘ಫ್ಲೋಟಿಂಗ್ ಪಾಯಿಂಟ್’ ಆಲ್ಬಮ್ಮನ್ನು ಮೆಕ್‌ಲಾಫ್ಲಿನ್ ಚೆನ್ನೈಗೇ ಬಂದು, ಬಹುಮಟ್ಟಿಗೆ ಭಾರತೀಯ ಕಲಾವಿದರೊಂದಿಗೆ ಧ್ವನಿಮುದ್ರಿಸಿದರು. ಡ್ರಮ್ಸ್‌ಗೆ ರಂಜಿತ್ ಬಾರೋಟ್, ಕೀಬೋರ್ಡಿಗೆ ಲೂಯಿಜ್ ಬ್ಯಾಂಕ್ಸ್. ಕೊಳಲಿಗೆ ಶಶಾಂಕ್ ಸುಬ್ರಹ್ಮಣ್ಯಂ. ಶಶಾಂಕ್ ಹುಟ್ಟಿದ್ದು ನಮ್ಮ ಹಾಸನ ಜಿಲ್ಲೆಯ ರುದ್ರಪಟ್ಟಣದಲ್ಲಿ, ಆರ್.ಕೆ. ಶ್ರೀಕಂಠನ್ ಅವರಂಥ ದಿಗ್ಗಜರನ್ನು ಕೊಟ್ಟ ಕಾವೇರಿ ದಡದ ಆ ಸಂಗೀತಗ್ರಾಮದಲ್ಲಿ. ಇನ್ನು ಬೆಂಗಳೂರಿನಲ್ಲಿ ಟಿ.ಎ.ಎಸ್. ಮಣಿ ಮತ್ತು ಆರ್.ಎ. ರಮಾಮಣಿ ದಂಪತಿ ನಡೆಸಿದ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ಇದೇ ಹಾದಿಯಲ್ಲಿ ತನ್ನದೇ ಹೆಜ್ಜೆ ಇಟ್ಟಿತ್ತು. ಯುರೋಪಿನಲ್ಲಿ ನೆಲೆಸಿದ್ದ ಅಮೆರಿಕನ್ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಜೊತೆ ಅವರು ಮಾಡಿದ ‘ಜ್ಯೋತಿ’ 1983ರದು. ‘ಶಕ್ತಿ’ಯ ಕೀರ್ತಿಯ ಮುಂದೆ ಈ ಕೆಲಸಕ್ಕೆ ನಮ್ಮಲ್ಲೇ ಸಿಗಬೇಕಾದಷ್ಟು ಗಮನ ಸಿಗಲಿಲ್ಲ ಎಂಬ ನೋವು ನನಗಿದೆ.

ಎಪ್ಪತ್ತು ದಾಟಿದ ಮೇಲೆ ಸಂಧಿವಾತ ಬೆರಳುಗಳನ್ನು ಕಾಡತೊಡಗಿತು. 2017ರಲ್ಲಿ ಅಮೆರಿಕದಲ್ಲಿ ವಿದಾಯದ ಪ್ರವಾಸ ಮಾಡಿದರು. ಮರುವರ್ಷ ಅದೇ ಬೆರಳುಗಳು ನುಡಿಸಿದ ‘ಮೈಲ್ಸ್ ಬಿಯಾಂಡ್’ಗೆ ಶ್ರೇಷ್ಠ ಜಾಝ್ ಸೋಲೊ ಗ್ರ್ಯಾಮಿ ಬಂತು. ಮೈಲ್ಸ್‌ಗೆ ಗೌರವವಾಗಿ ಸುಮಾರು ನಾಲ್ಕೂವರೆ ದಶಕದ ಹಿಂದೆ ಬರೆದ ರಚನೆಯದು. 2023ರಲ್ಲಿ ‘ಶಕ್ತಿ’ 46 ವರ್ಷಗಳ ನಂತರದ ಸ್ಟುಡಿಯೊ ಆಲ್ಬಂ ‘ದಿಸ್ ಮೊಮೆಂಟ್’ ಹೊರತಂದಿತು. ಜಾಕಿರ್ ಹುಸೇನ್, ಶಂಕರ್ ಮಹಾದೇವನ್, ಪಿಟೀಲಿನ ಗಣೇಶ್ ರಾಜಗೋಪಾಲನ್, ತಂದೆಯ ಜಾಗದಲ್ಲಿ ಸೆಲ್ವಗಣೇಶ್. ಆ ವರ್ಷದ ಜನವರಿಯ ಭಾರತ ಪ್ರವಾಸದಲ್ಲಿ ಬೆಂಗಳೂರಿನ ಶ್ರೋತೃಗಳೂ ಅವರನ್ನು ಕೇಳಿದರು. 2024ರ ಫೆಬ್ರುವರಿಯಲ್ಲಿ ಆಲ್ಬಂ ಗ್ರ್ಯಾಮಿ ಗೆದ್ದಿತು. ಅದೇ ವರ್ಷ ಡಿಸೆಂಬರ್ 15ರಂದು ಜಾಕಿರ್ ತೀರಿಕೊಂಡರು. ಮೆಕ್‌ಲಾಫ್ಲಿನ್ ಅವರ ಮಟ್ಟಿಗೆ ಅದು ಅರ್ಧ ಶತಮಾನದ ಸಹೋದರನ ಅಗಲಿಕೆ.

ವೇಗ ಅವರ ಬಲ, ಕೆಲವೊಮ್ಮೆ ಅದೇ ದೌರ್ಬಲ್ಯ ಎಂಬ ಟೀಕೆಯಿದೆ. ಒಪ್ಪುತ್ತೇನೆ. ಒಂದು ಸ್ವರದಲ್ಲಿ ನಿಂತು ಮಾತಾಡಬಹುದಾದ ಕಡೆ ಅವರು ಹತ್ತು ಸ್ವರ ಸುರಿದದ್ದುಂಟು. ಆದರೆ ಪರದೇಶದಲ್ಲಿ, ಪರರ ಸಂಗೀತದ ಮುಂದೆ ಇಷ್ಟು ವಿನಯದಿಂದ ಕುಳಿತು, ಇಷ್ಟು ಸ್ವತಂತ್ರವಾಗಿ ಎದ್ದುಬಂದ ಇನ್ನೊಬ್ಬ ಗಿಟಾರ್ ವಾದಕನನ್ನು ನಾನು ಕಾಣೆ. ಕರ್ನಾಟಕ ಸಂಗೀತದ ಆಧುನಿಕ ಚರಿತ್ರೆ ಬರೆಯುವವರು ‘ಶಕ್ತಿ’ಗೆ ಅಡಿಟಿಪ್ಪಣಿಯಲ್ಲಲ್ಲ, ಒಂದು ಅಧ್ಯಾಯದಲ್ಲೇ ಜಾಗ ಕೊಡಬೇಕು.

ಇದುವರೆಗೆ ಕೇಳದವರು 1976ರ ಮೊದಲ ಆಲ್ಬಮ್ಮಿನಿಂದಲೇ ಶುರುಮಾಡಿ. ‘ಜಾಯ್’ ಮುಗಿದೊಡನೆ ನಿಲ್ಲಿಸಬೇಡಿ. ಅದರ ಬೆನ್ನಿಗೇ ಐದು ನಿಮಿಷವೂ ಇಲ್ಲದ ‘ಲೋಟಸ್ ಫೀಟ್’ ಇದೆ. ವೀಣೆ ಪಾಠ ಎಷ್ಟು ಆಳಕ್ಕಿಳಿದಿತ್ತು ಎಂಬುದು ಅಲ್ಲಿ ಕೇಳಿಸುತ್ತದೆ. ಮನೆಯಲ್ಲಿ ಗಿಟಾರ್ ಕಲಿಯುವ ಮಕ್ಕಳಿದ್ದರೆ ಅವರನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ.